ಕೆಟ್ಟ ಸುದ್ದಿ ಮೇಲಕ್ಕೇರುವ ದಾರಿ

ಕರ್ನಾಟಕದ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ 2010ರ ಆಸುಪಾಸಿನಲ್ಲಿ ಒಂದು ಪುಟ್ಟ ಯಂತ್ರ ಬಂತು. ಬೆಳಿಗ್ಗೆ ಬಂದಾಗ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ ಅದರ ಮೇಲೆ ಹೆಬ್ಬೆಟ್ಟು ಒತ್ತಬೇಕು. ಡಾಕ್ಟರು, ನರ್ಸು, ಫಾರ್ಮಾಸಿಸ್ಟು, ಲ್ಯಾಬ್ ಟೆಕ್ನಿಷಿಯನ್ನು ಎಲ್ಲರಿಗೂ ಒಂದೇ ನಿಯಮ. ತಪ್ಪಿಸಿಕೊಂಡರೆ ರಜೆಯಲ್ಲಿ ಕಡಿತ. ಐದು ಜಿಲ್ಲೆಗಳ 322 ಕೇಂದ್ರಗಳಲ್ಲಿ 140ನ್ನು ಚೀಟಿ ಎತ್ತಿದ ಹಾಗೆ ಆರಿಸಿ ಯಂತ್ರ ಕೊಡಲಾಯಿತು. ಉಳಿದ ಕೇಂದ್ರಗಳ ಜೊತೆ ಅವನ್ನು ಹೋಲಿಸಿ ಏನಾಗುತ್ತದೆಂದು ಅಳೆದವರು ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು.

ಫಲಿತಾಂಶ ವಿಚಿತ್ರವಾಗಿತ್ತು. ಸಿಬ್ಬಂದಿಯ ಹಾಜರಾತಿ ಒಟ್ಟಾರೆ ಶೇ 15ರಷ್ಟು ಏರಿತು. ಆದರೆ ಏರಿದ್ದು ನರ್ಸುಗಳದ್ದು, ಫಾರ್ಮಾಸಿಸ್ಟರದ್ದು, ಲ್ಯಾಬಿನವರದ್ದು. ಡಾಕ್ಟರುಗಳ ಹಾಜರಾತಿ ಇದ್ದಲ್ಲೇ ಇತ್ತು. ಅಷ್ಟರಿಂದಲೇ ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಕಡಿಮೆ ತೂಕದ ಶಿಶುಗಳ ಜನನ ಸುಮಾರು ಕಾಲು ಭಾಗ ಇಳಿಯಿತು. ನರ್ಸು ತನ್ನ ಜಾಗದಲ್ಲಿ ಇದ್ದರೆ ಹಳ್ಳಿಯ ಬಸುರಿಗೆ ಏನು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಆದರೂ ಯೋಜನೆ ಸೊರಗಿತು. ರಜೆ ಕಡಿತದ ನಿಯಮವನ್ನು ಜಾರಿ ಮಾಡಬೇಕಾದವರೇ ಹಿಂಜರಿದರು. ಮೊದಲೇ ಹಳ್ಳಿಗೆ ಡಾಕ್ಟರು ಸಿಗುವುದಿಲ್ಲ. ಬಿಗಿ ಮಾಡಿದರೆ ಇರುವವರೂ ಬಿಟ್ಟು ಹೋದಾರು ಎಂಬ ಭಯ. ಯಂತ್ರ ಬಂದ ಕೇಂದ್ರಗಳಲ್ಲಿ ಸಿಬ್ಬಂದಿಯ ಅಸಮಾಧಾನವೂ ಹೆಚ್ಚಿತ್ತು.

ಒಂದು ಆರೋಗ್ಯ ಕೇಂದ್ರ ಚೆನ್ನಾಗಿ ನಡೆಯಲು ಕಟ್ಟಡ, ಔಷಧ, ಸಂಬಳ, ಯಂತ್ರ ಎಲ್ಲವೂ ಬೇಕು. ಇವೆಲ್ಲ ಇದ್ದೂ ಒಂದು ತಾಲ್ಲೂಕಿನ ಆಸ್ಪತ್ರೆ ಜನರಿಂದ ತುಂಬಿರುತ್ತದೆ, ಪಕ್ಕದ ತಾಲ್ಲೂಕಿನದ್ದು ಬಿಕೋ ಎನ್ನುತ್ತದೆ. ಈ ವ್ಯತ್ಯಾಸದಲ್ಲಿ ಮೇಲೆ ಕೂತವರ ನಡೆಗೆ ಎಷ್ಟು ಪಾಲಿದೆ, ಯಾವ ಬಗೆಯ ನಡೆಗೆ ಪಾಲಿದೆ? ಎಂಟು ದಶಕಗಳಿಂದ ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ.

ಆರಂಭ ಆಸ್ಪತ್ರೆಯಲ್ಲಿ ಆಗಲಿಲ್ಲ. ಅಮೆರಿಕದ ಐಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಶಿಷ್ಯರು ಹತ್ತು ವರ್ಷದ ಆಸುಪಾಸಿನ ಹುಡುಗರ ಸಣ್ಣ ಗುಂಪುಗಳನ್ನು ಕಟ್ಟಿ, ಅವರಿಂದ ಕರಕುಶಲ ಕೆಲಸ ಮಾಡಿಸಿದರು. ಒಂದು ಗುಂಪಿನ ಮುಂದಾಳು ಅಪ್ಪಣೆ ಕೊಡುವವನು, ಇನ್ನೊಬ್ಬ ಕೇಳಿ ಕೂಡಿ ನಿರ್ಧರಿಸುವವನು, ಮತ್ತೊಬ್ಬ ಕೈಕಟ್ಟಿ ಕೂರುವವನು. 1939ರಲ್ಲಿ ಪ್ರಕಟವಾದ ಆ ಪ್ರಯೋಗದ ಒಂದು ಸಂಗತಿ ಸರ್ಕಾರಿ ಕಚೇರಿ ಕಂಡ ಯಾರಿಗೂ ಪರಿಚಿತ ಎನಿಸುತ್ತದೆ. ಅಪ್ಪಣೆಯ ಗುಂಪಿನ ಹುಡುಗರು ಮುಂದಾಳು ಎದುರಿಗಿದ್ದಾಗ ಚುರುಕಾಗಿ ದುಡಿಯುತ್ತಿದ್ದರು, ಅವನು ಕೋಣೆಯಿಂದ ಹೊರಗೆ ಹೋದದ್ದೇ ಕೆಲಸ ನಿಲ್ಲುತ್ತಿತ್ತು. ಕೂಡಿ ನಿರ್ಧರಿಸಿದವರ ಕೆಲಸ ಅವನಿಲ್ಲದಾಗಲೂ ಸಾಗುತ್ತಿತ್ತು. ಸಾಹೇಬರ ಜೀಪು ಬರುವ ದಿನ ಮಾತ್ರ ನೆಲ ಒರೆಸುವ ಆರೋಗ್ಯ ಕೇಂದ್ರಗಳನ್ನು ನಮ್ಮ ಜನ ಕಂಡಿಲ್ಲವೇ?

ಮುಂದೆ 1978ರಲ್ಲಿ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್, 1985ರಲ್ಲಿ ಬರ್ನಾರ್ಡ್ ಬಾಸ್ ಇದಕ್ಕೆ ಬೇರೆ ಹೆಸರುಗಳನ್ನು ಕೊಟ್ಟರು. ಮಾಡಿದ್ದಕ್ಕೆ ಬಹುಮಾನ, ತಪ್ಪಿದ್ದಕ್ಕೆ ದಂಡ ಎಂಬುದು ಕೊಡುಕೊಳ್ಳುವಿಕೆಯ ನಾಯಕತ್ವ. ಕೆಲಸದ ಅರ್ಥವನ್ನೇ ಮನಗಾಣಿಸಿ, ಆಳನ್ನು ಬೆಳೆಸಿ, ಅವನು ತಾನಾಗಿ ಹೆಚ್ಚು ಮಾಡುವಂತೆ ಮಾಡುವುದು ಪರಿವರ್ತನೆಯ ನಾಯಕತ್ವ. ನೂರಾರು ಆಸ್ಪತ್ರೆಗಳಲ್ಲಿ ಪ್ರಶ್ನಾವಳಿ ಹಂಚಿ ಇವನ್ನು ಅಳೆಯಲಾಯಿತು. ಕೆನಡಾದ ಗ್ರೇಟಾ ಕಮ್ಮಿಂಗ್ಸ್ ಮತ್ತು ಸಂಗಡಿಗರು ನರ್ಸಿಂಗ್ ಕ್ಷೇತ್ರದ 53 ಅಧ್ಯಯನಗಳನ್ನು ಒಟ್ಟಿಗಿಟ್ಟು 2010ರಲ್ಲಿ ಬರೆದರು: ಮನುಷ್ಯ ಸಂಬಂಧಕ್ಕೆ ಬೆಲೆ ಕೊಡುವ ಮುಖ್ಯಸ್ಥರ ಕೈಕೆಳಗೆ ನರ್ಸುಗಳ ತೃಪ್ತಿ ಹೆಚ್ಚು ಎಂದು 24 ಅಧ್ಯಯನಗಳು ಕಂಡಿವೆ. ಕೆಲಸ ಮುಗಿಸುವುದೊಂದನ್ನೇ ನೋಡುವವರ ಕೈಕೆಳಗೆ ತೃಪ್ತಿ ಕಡಿಮೆ ಎಂದು 10 ಅಧ್ಯಯನಗಳು. ಅದೇ ಬಳಗದ ಕ್ಯಾರಲ್ ವಾಂಗ್ ರೋಗಿಗಳ ಕಡೆ ನೋಡಿದಾಗಲೂ ಔಷಧ ಕೊಡುವುದರಲ್ಲಾಗುವ ತಪ್ಪು, ಸಾವು ಇವೆರಡೂ ಅಂಥ ಮುಖ್ಯಸ್ಥರ ಬಳಿ ಕಡಿಮೆ ಇರುವ ಸೂಚನೆ ಸಿಕ್ಕಿತು.

ಈ ಸಾಹಿತ್ಯದ ದೌರ್ಬಲ್ಯವನ್ನೂ ಹೇಳಲೇಬೇಕು. ಹೆಚ್ಚಿನವು ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರಗಳು. ಮುಖ್ಯಸ್ಥ ಒಳ್ಳೆಯವನಾದ್ದರಿಂದ ವಾರ್ಡು ಚೆನ್ನಾಗಿದೆಯೋ, ವಾರ್ಡು ಚೆನ್ನಾಗಿರುವುದರಿಂದ ಮುಖ್ಯಸ್ಥ ಒಳ್ಳೆಯವನಾಗಿ ಕಾಣುತ್ತಾನೋ ಎಂದು ಅವುಗಳಿಂದ ಹೇಳಲಾಗದು. ಪ್ರಶ್ನಾವಳಿಗೆ ಟಿಕ್ಕು ಹಾಕುವ ನರ್ಸೇ ತೃಪ್ತಿಯ ಲೆಕ್ಕವನ್ನೂ ಕೊಡುತ್ತಾಳೆ. ಪರಿವರ್ತನೆಯ ನಾಯಕತ್ವ ಎಂಬ ಕಲ್ಪನೆಯೇ ಸಡಿಲವಾದದ್ದು, ಪರಿಣಾಮವನ್ನು ವ್ಯಾಖ್ಯೆಯೊಳಗೇ ತುರುಕಿಕೊಂಡದ್ದು ಎಂದು ವಾನ್ ಕ್ನಿಪ್ಪೆನ್‌ಬರ್ಗ್ ಮತ್ತು ಸಿಟ್ಕಿನ್ 2013ರಲ್ಲಿ ಕಟುವಾಗಿ ಟೀಕಿಸಿದರು. ಹಾಗಾಗಿ ಹೆಸರುಗಳನ್ನು ಪಕ್ಕಕ್ಕಿಟ್ಟು, ಆರೋಗ್ಯ ಸೇವೆಯಲ್ಲಿ ನಿಜಕ್ಕೂ ನಡೆದದ್ದನ್ನು ನೋಡುವುದು ಮೇಲು. ನೋಡುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಕೆಳಗಿನಿಂದ ಕೆಟ್ಟ ಸುದ್ದಿ ಮೇಲಕ್ಕೆ ಬರುವಂತೆ ಯಾರು ದಾರಿ ತೆರೆದಿಟ್ಟರೋ ಅವರ ಸಂಸ್ಥೆಗಳು ಜನರನ್ನು ಉಳಿಸಿದವು.

ಇದನ್ನು ಆಕಸ್ಮಿಕವಾಗಿ ಕಂಡುಕೊಂಡವರು ಏಮಿ ಎಡ್ಮಂಡ್‌ಸನ್. 1990ರ ದಶಕದಲ್ಲಿ ಅವರು ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಎಣಿಸಹೊರಟರು. ಒಳ್ಳೆಯ ನರ್ಸ್ ಮುಖ್ಯಸ್ಥೆ ಇರುವ ವಿಭಾಗದಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ಅವರ ಎಣಿಕೆ. ಲೆಕ್ಕ ತಲೆಕೆಳಗಾಗಿ ಬಂತು. ಒಳ್ಳೆಯ ಮುಖ್ಯಸ್ಥೆ ಇದ್ದಲ್ಲೇ ದಾಖಲಾದ ತಪ್ಪುಗಳು ಹೆಚ್ಚು! ಹತ್ತಿರದಿಂದ ನೋಡಿದಾಗ ಗುಟ್ಟು ತಿಳಿಯಿತು. ಅಲ್ಲಿನವರು ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಬೈಗುಳಕ್ಕೆ ಹೆದರುವ ವಿಭಾಗಗಳಲ್ಲಿ ತಪ್ಪು ನಡೆದು ಅಲ್ಲೇ ಹೂತುಹೋಗುತ್ತಿತ್ತು. 1996ರಲ್ಲಿ ಪ್ರಕಟವಾದ ಈ ಅಧ್ಯಯನ ಅಂಕಿ ಅಂಶ ನೋಡುವ ಪ್ರತಿ ಅಧಿಕಾರಿಗೂ ಎಚ್ಚರಿಕೆ: ಸೊನ್ನೆ ತೋರಿಸುವ ವರದಿ ಕೆಲವೊಮ್ಮೆ ಅತ್ಯಂತ ಅಪಾಯಕಾರಿ ವರದಿ.

ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಪೀಟರ್ ಪ್ರೊನೊವೋಸ್ಟ್ ಅವರ ತಂಡ ಮಾಡಿದ್ದೂ ಇದೇ ದಾರಿಯದ್ದು. ರಕ್ತನಾಳಕ್ಕೆ ಕೊಳವೆ ಹಾಕುವ ಮುನ್ನ ಕೈ ತೊಳೆಯಬೇಕು, ಚರ್ಮ ಶುಚಿ ಮಾಡಬೇಕು ಎಂಬಂಥ ಐದು ಸಾದಾ ಹೆಜ್ಜೆಗಳ ಪಟ್ಟಿ ಅದು. ಬಲ ಇದ್ದದ್ದು ಇನ್ನೊಂದು ಮಾತಿನಲ್ಲಿ: ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ನರ್ಸು ತಡೆದು ನಿಲ್ಲಿಸಬಹುದು, ಆಡಳಿತ ಅವಳ ಬೆನ್ನಿಗೆ ನಿಲ್ಲುತ್ತದೆ. ಕೊಳವೆಯಿಂದಾಗುವ ರಕ್ತದ ಸೋಂಕು ಮೂರನೇ ಎರಡರಷ್ಟು ಇಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಬಳಿಕ ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಪಟ್ಟಿ ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಸಾವನ್ನು ಶೇ 1.5ರಿಂದ 0.8ಕ್ಕೆ ಇಳಿಸಿದ ವರದಿ ಬಂದಾಗ, ಪಟ್ಟಿ ಹಂಚಿದರೆ ಸಾಕು ಎಂದು ಹಲವು ಸರ್ಕಾರಗಳು ಭಾವಿಸಿದವು. ಕೆನಡಾದ ಒಂಟಾರಿಯೊ ಪ್ರಾಂತದ 101 ಆಸ್ಪತ್ರೆಗಳಿಗೆ ಪಟ್ಟಿ ಕಡ್ಡಾಯದ ಮಾತಾಗಿ ಬಂತು. 2014ರ ಅಧ್ಯಯನ ನೋಡಿದರೆ ಅಲ್ಲಿ ಸಾವಿನ ಪ್ರಮಾಣ ಗಮನಾರ್ಹವಾಗಿ ಬದಲಾಗಿರಲಿಲ್ಲ. ಅದೇ ಪಟ್ಟಿ, ಅದೇ ಟಿಕ್ಕು. ಒಂದು ಕಡೆ ಅದು ತಂಡವನ್ನು ಮಾತಾಡಿಸಿತು, ಇನ್ನೊಂದು ಕಡೆ ಕಡತಕ್ಕೆ ಸೇರಿತು ಎಂಬುದೇ ಅತ್ಯಂತ ಸಂಭಾವ್ಯ ವಿವರಣೆ.

ದಾರಿ ಮುಚ್ಚಿಹೋದಾಗ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ಹೆಸರು ಉಳಿದುಬಿಟ್ಟಿದೆ. ಅದನ್ನು ನಡೆಸುತ್ತಿದ್ದ ಮಿಡ್ ಸ್ಟಾಫರ್ಡ್‌ಶೈರ್ ಟ್ರಸ್ಟಿನ ಆಡಳಿತಕ್ಕೆ ಸ್ವಾಯತ್ತ ಸ್ಥಾನಮಾನ ಪಡೆಯುವ ಹಂಬಲ. ಅದಕ್ಕೆ ಲೆಕ್ಕಪತ್ರ ಸರಿಯಿರಬೇಕು. 2006–07ರಲ್ಲಿ ಒಂದು ಕೋಟಿ ಪೌಂಡ್ ಉಳಿಸಲು ಸುಮಾರು 150 ಹುದ್ದೆಗಳನ್ನು ಕಡಿತ ಮಾಡಿದರು. ತುರ್ತು ವಿಭಾಗಕ್ಕೆ ಬಂದವರನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕೆಂಬ ಗುರಿ ತಲೆಯ ಮೇಲೆ ಕೂತಿತ್ತು. ಬಂದ ರೋಗಿಯ ಸ್ಥಿತಿ ಎಷ್ಟು ಗಂಭೀರ ಎಂದು ತರಬೇತಿಯಿಲ್ಲದ ಸ್ವಾಗತಕಾರರು ನಿರ್ಧರಿಸುವ ಹಂತಕ್ಕೆ ಹೋಯಿತು. ಬಾಯಾರಿದ ರೋಗಿಗಳು ಹೂದಾನಿಯ ನೀರು ಕುಡಿದ ಕಥೆಗಳು ಹೊರಬಂದವು. ನರ್ಸುಗಳು ದೂರು ಬರೆದಿದ್ದರು, ಮನೆಯವರು ಬರೆದಿದ್ದರು. ಅವು ಆಡಳಿತ ಮಂಡಳಿಯ ಮೇಜಿನ ಮೇಲಿದ್ದ ಹಸಿರು ಗುರುತುಗಳ ಕೋಷ್ಟಕವನ್ನು ದಾಟಿ ಒಳಹೋಗಲಿಲ್ಲ. 2008ರ ಫೆಬ್ರುವರಿಯಲ್ಲಿ ಬಯಸಿದ ಸ್ಥಾನಮಾನವೂ ಸಿಕ್ಕಿತು. ರಾಬರ್ಟ್ ಫ್ರಾನ್ಸಿಸ್ ನೇತೃತ್ವದ ವಿಚಾರಣೆ 2013ರಲ್ಲಿ 290 ಶಿಫಾರಸುಗಳ ವರದಿ ಕೊಟ್ಟಿತು. ಚಿಕಿತ್ಸೆಯಲ್ಲಿ ಹಾನಿಯಾದರೆ ರೋಗಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು ಎಂಬುದನ್ನು ಮರುವರ್ಷ ಇಂಗ್ಲೆಂಡ್ ಕಾನೂನಾಗಿಸಿತು.

ಗುರಿಯ ಭೂತ ಭಾರತಕ್ಕೆ ಹೊಸದಲ್ಲ. ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ ನಡೆದ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು 82 ಲಕ್ಷಕ್ಕೂ ಹೆಚ್ಚು. ಅಪ್ಪಣೆ ಮತ್ತು ಗುರಿ ಎರಡನ್ನೇ ನಂಬಿದ ನಾಯಕತ್ವ ಎಷ್ಟು ದಕ್ಷವಾಗಿ ಕೆಲಸ ಮಾಡಬಲ್ಲದು, ಎಂಥ ಗಾಯ ಬಿಟ್ಟು ಹೋಗಬಲ್ಲದು ಎಂಬುದಕ್ಕೆ ಆ ಸಂಖ್ಯೆ ಸಾಕ್ಷಿ. ಕುಟುಂಬ ಯೋಜನೆ ಎಂಬ ಮಾತು ಕೇಳಿದರೆ ಉತ್ತರದ ಹಳ್ಳಿಗಳ ಜನ ವರ್ಷಗಟ್ಟಲೆ ಆರೋಗ್ಯ ಸಿಬ್ಬಂದಿಗೆ ಬಾಗಿಲು ಹಾಕಿದರು. ಮೇಲಿನಿಂದ ಗುರಿ ಹಂಚುವ ಪದ್ಧತಿಯನ್ನು ಕೇಂದ್ರ ಸರ್ಕಾರ 1996ರಲ್ಲಿ ಕೈಬಿಟ್ಟಿತು, ಕಾಗದದ ಮೇಲೆ. ಛತ್ತೀಸಗಡದ ಬಿಲಾಸಪುರದ ಬಳಿ 2014ರ ನವೆಂಬರಿನಲ್ಲಿ ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಶಸ್ತ್ರಚಿಕಿತ್ಸೆ ಮಾಡಿದ ಶಿಬಿರದ ಬಳಿಕ ಹದಿಮೂರು ತಾಯಂದಿರು ಸತ್ತಾಗ, ಆ ಪದ್ಧತಿ ನಿಜವಾಗಿ ಹೋಗಿತ್ತೇ ಎಂದು ದೇಶ ಕೇಳಬೇಕಾಯಿತು.

ಹಾಗೆಂದು ಬಿಗಿ ಬೇಡ, ಪ್ರೀತಿ ಸಾಕು ಎಂದರೆ ಅದೂ ಅರ್ಧ ಮಾತೇ. 2002–03ರಲ್ಲಿ ಮುನ್ಸೂಚನೆ ಕೊಡದೆ ಭೇಟಿ ಕೊಟ್ಟ ಸಮೀಕ್ಷಕರಿಗೆ ಭಾರತದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶೇ 40ರಷ್ಟು ಸಿಬ್ಬಂದಿ ಕಾಣಲಿಲ್ಲ. ಹೆರಿಗೆ ನೋವಿನಲ್ಲಿ ಬಂದವಳು ಬೀಗ ನೋಡಿ ಹಿಂದಿರುಗುವಾಗ ಸಿಬ್ಬಂದಿಯ ಮನೋಬಲದ ಪಾಠ ಹೇಳಲಾಗದು. ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಸೇವಾ ಮಂದಿರ ಸಂಸ್ಥೆ ಸರ್ಕಾರದ ಜೊತೆಗೂಡಿ ನರ್ಸುಗಳ ಹಾಜರಾತಿಗೆ ದಿನಾಂಕ ಮುದ್ರಿಸುವ ಯಂತ್ರ ಇಟ್ಟಿತು. ಗೈರಾದರೆ ಸಂಬಳ ಕಡಿತ. ಮೊದಲ ತಿಂಗಳುಗಳಲ್ಲಿ ಹಾಜರಾತಿ ಏರಿತು. ಆಮೇಲೆ ಆರೋಗ್ಯ ಇಲಾಖೆಯ ಆಡಳಿತವೇ ಸಭೆ, ಸಮೀಕ್ಷೆ, ಬೇರೆ ಕರ್ತವ್ಯ ಎಂದು ವಿನಾಯಿತಿ ದಿನಗಳನ್ನು ಧಾರಾಳವಾಗಿ ಕೊಡತೊಡಗಿತು. ಹದಿನಾರು ತಿಂಗಳ ಹೊತ್ತಿಗೆ ಯಂತ್ರ ಇದ್ದ ಕೇಂದ್ರಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ರೇಚೆಲ್ ಗ್ಲೆನರ್‌ಸ್ಟರ್ 2008ರಲ್ಲಿ ಇದನ್ನು ಬರೆದರು. ಕರ್ನಾಟಕದ ಹೆಬ್ಬೆಟ್ಟಿನ ಯಂತ್ರವನ್ನೂ ಉದಯಪುರದ್ದನ್ನೂ ಒಟ್ಟಿಗೆ ಓದಿದರೆ ಕಾಣುವುದು ಇಷ್ಟು: ಮೇಲಿನವರು ಮನಸಾರೆ ನಂಬದ ಶಿಸ್ತು ಕೆಳಗೆ ಬಾಳುವುದಿಲ್ಲ, ಬಾಳಿದರೂ ಕೊನೆಯ ಮೆಟ್ಟಿಲಿನವರ ಮೇಲಷ್ಟೇ ಬಾಳುತ್ತದೆ.

ಬಿಗಿಯನ್ನೂ ನಂಬಿಕೆಯನ್ನೂ ಒಂದೇ ಕೈಯಲ್ಲಿ ಹಿಡಿದವರೂ ಇದ್ದಾರೆ. 1994ರ ಸೆಪ್ಟೆಂಬರಿನಲ್ಲಿ ಸೂರತ್ ನಗರಕ್ಕೆ ಪ್ಲೇಗು ಬಂದಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ನೆರೆಯ ಬಳಿಕ ಕೊಳೆತ ಕಸ, ಕೆಟ್ಟ ಚರಂಡಿ, ಯಾರೂ ಹೊಣೆಯಲ್ಲದ ಮಹಾನಗರಪಾಲಿಕೆ. ಮರುವರ್ಷ ಮೇ ತಿಂಗಳಲ್ಲಿ ಎಸ್. ಆರ್. ರಾವ್ ಆಯುಕ್ತರಾಗಿ ಬಂದರು. ನಗರವನ್ನು ಆರು ವಲಯ ಮಾಡಿ, ಆಯುಕ್ತರಿಗಿದ್ದ ಅಧಿಕಾರವನ್ನೇ ಪ್ರತಿ ವಲಯದ ಮುಖ್ಯಸ್ಥರಿಗೆ ಹಂಚಿದರು. ಹಣ ಮಂಜೂರಾತಿಗೆ ಕಡತ ಮೇಲೆ ಬರುವುದು ತಪ್ಪಿತು. ಹಿರಿಯ ಅಧಿಕಾರಿಗಳೆಲ್ಲ ದಿನಕ್ಕೆ ಕೆಲವು ಗಂಟೆ ಬೀದಿಯಲ್ಲಿರಬೇಕು. ‘ಎಸಿ’ ಕೋಣೆಯಿಂದ ‘ಡಿಸಿ’ಗೆ, ಅಂದರೆ ದಿನನಿತ್ಯದ ಕೆಲಸಕ್ಕೆ (ಡೈಲಿ ಚೋರ್ಸ್), ಎಂಬುದು ಅವರ ಘೋಷಣೆಯಾಗಿತ್ತು. ಸ್ವತಃ ಆಯುಕ್ತರು ಕಸದ ಗಾಡಿಯ ಹಿಂದೆ ನಿಂತದ್ದನ್ನು ಪೌರ ಕಾರ್ಮಿಕರು ಕಂಡರು. ಕಸದ ರಾಶಿ, ಜ್ವರ, ಮಲೇರಿಯಾ ಎಲ್ಲದರ ಮಾಹಿತಿ ದಿನದಿನವೂ ಸೇರುವ ವ್ಯವಸ್ಥೆ ಬಂತು. ಅಕ್ರಮ ಕಟ್ಟಡಗಳನ್ನು ಒಡೆಯುವಾಗ ಬಲಾಢ್ಯರಿಂದಲೇ ಶುರು ಮಾಡಿದ್ದರಿಂದ ಸಾಮಾನ್ಯರಿಗೆ ನಂಬಿಕೆ ಬಂತು. ಒಂದೂವರೆ ವರ್ಷ ಕಳೆಯುವುದರೊಳಗೆ ಇಂಟ್ಯಾಕ್ ಸಂಸ್ಥೆ ಸೂರತ್ತನ್ನು ಚಂಡೀಗಡದ ನಂತರದ ಎರಡನೇ ಸ್ವಚ್ಛ ನಗರವೆಂದು ಗುರುತಿಸಿತು.

ರಾವ್ ಹೋದ ಮೇಲೂ ಸೂರತ್ ಮತ್ತೆ ಹಳೆಯ ಕೆಸರಿಗೆ ಬೀಳಲಿಲ್ಲ ಎಂಬುದೇ ಈ ಕಥೆಯ ದೊಡ್ಡ ಭಾಗ. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಅದು ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಹಂಚಿದ ಅಧಿಕಾರ ಹಂಚಿದಲ್ಲೇ ಉಳಿಯಿತು. ಒಬ್ಬ ದಕ್ಷ ಅಧಿಕಾರಿ ಬಂದು ಎಲ್ಲವನ್ನೂ ತನ್ನ ಮೇಜಿಗೆ ಎಳೆದುಕೊಂಡು ಅದ್ಭುತ ಮಾಡಿ, ವರ್ಗವಾದ ಮರುದಿನವೇ ಆ ಅದ್ಭುತವೂ ಜೀಪು ಹತ್ತಿ ಹೋದ ಉದಾಹರಣೆಗಳು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ನಮ್ಮ ಪತ್ರಿಕೆಗಳು ಅಂಥವರನ್ನು ಸಿಂಹ ಎಂದು ಕರೆದು ಸುಮ್ಮನಾಗುತ್ತವೆ. ಹೋದ ಮೇಲೆ ಏನು ಉಳಿಯಿತು ಎಂದು ಕೇಳುವುದಿಲ್ಲ.

ಕರ್ನಾಟಕದೊಳಗೇ ಹೋಲಿಸಬೇಕಾದ ಎರಡು ಮಾದರಿಗಳಿವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯನ್ನು ಡಾ. ಸಿ. ಎನ್. ಮಂಜುನಾಥ್ ಸುಮಾರು ಹದಿನೇಳು ವರ್ಷ, 2024ರ ಜನವರಿಯವರೆಗೆ ನಡೆಸಿದರು. ಮೊದಲು ಚಿಕಿತ್ಸೆ, ಹಣದ ಮಾತು ಆಮೇಲೆ ಎಂಬ ಅವರ ನಿಯಮ ಕೌಂಟರಿನಲ್ಲಿ ಕೂತ ಗುಮಾಸ್ತನಿಂದ ಹಿಡಿದು ತಜ್ಞನವರೆಗೆ ಎಲ್ಲರಿಗೂ ಗೊತ್ತಿತ್ತು. ಎದೆ ಹಿಡಿದುಕೊಂಡು ರಾತ್ರಿ ಬಂದವನನ್ನು ಒಳಗೆ ಕರೆದುಕೊಳ್ಳಲು ಯಾರ ಸಹಿಗೂ ಕಾಯಬೇಕಿರಲಿಲ್ಲ. ಮೈಸೂರು, ಕಲಬುರಗಿಗಳಿಗೂ ಸಂಸ್ಥೆ ಬೆಳೆಯಿತು. ಇದರಲ್ಲಿ ಮುಖ್ಯಸ್ಥರ ಗುಣದಷ್ಟೇ ಪಾಲು ಎರಡು ಸಂಗತಿಗಳಿಗಿದೆ: ಸಂಸ್ಥೆಯ ಸ್ವಾಯತ್ತತೆ ಮತ್ತು ಒಬ್ಬರೇ ಅಷ್ಟು ಕಾಲ ಉಳಿದದ್ದು. ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಇವೆರಡೂ ಇಲ್ಲ. ಒಂದು ಖಾಲಿ ಹುದ್ದೆ ತುಂಬುವ, ಬಾರದ ಸಿಬ್ಬಂದಿಯನ್ನು ಬದಲಿಸುವ ಅಧಿಕಾರವೂ ಅವರ ಕೈಯಲ್ಲಿಲ್ಲ. ಅವರನ್ನು ನಾಯಕರಾಗಿಲ್ಲವೆಂದು ದೂರುವುದು ಕೈ ಕಟ್ಟಿ ಈಜಲು ಬಿಟ್ಟಂತೆ.

ಇನ್ನೊಂದು ಮಾದರಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯದ್ದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1980ರ ದಶಕದ ಆರಂಭದಿಂದ ಕೆಲಸ ಮಾಡುತ್ತಿದ್ದ ಡಾ. ಎಚ್. ಸುದರ್ಶನ್, ಕುಷ್ಠರೋಗದ ಕೆಲಸಕ್ಕೆಂದು ಕಟ್ಟಿದ ಕರುಣಾ ಟ್ರಸ್ಟ್ ಮೂಲಕ 1996ರಲ್ಲಿ ಅಲ್ಲಿನ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಉಸ್ತುವಾರಿ ವಹಿಸಿಕೊಂಡರು. ಮಾನಸಿಕ ಆರೋಗ್ಯ, ಕಣ್ಣು, ಹಲ್ಲಿನ ಚಿಕಿತ್ಸೆಯಂಥ, ಸಾಮಾನ್ಯವಾಗಿ ಆ ಮಟ್ಟದಲ್ಲಿ ಸಿಗದ ಸೇವೆಗಳು ಹಳ್ಳಿಯಲ್ಲೇ ಸಿಕ್ಕವು. ಅವರ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿ ಆರೋಗ್ಯ ಸೇವೆಯ ಸಮಸ್ಯೆಗಳನ್ನು ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲೇ ಭ್ರಷ್ಟಾಚಾರ ಎಂದು ಬರೆಯಿತು. ಸರ್ಕಾರ ತಾನೇ ನೇಮಿಸಿದವರ ಬಾಯಿಂದ ಇಂಥ ಮಾತು ಕೇಳುವುದು ಅಪರೂಪ. ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರ ಒಪ್ಪಿಸುವ ಪ್ರಯೋಗ ಮುಂದೆ ‘ಆರೋಗ್ಯ ಬಂಧು’ ಎಂಬ ಯೋಜನೆಯಾಗಿ ಹರಡಿತು, ಕೊನೆಗೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಗುಂಬಳ್ಳಿಯ ಮಟ್ಟದ ನಿಷ್ಠೆಯನ್ನು ಒಪ್ಪಂದದ ಷರತ್ತಾಗಿ ಬರೆದು ರಾಜ್ಯವಿಡೀ ಹಂಚಲಾಗದು.

ಹಾಗಾದರೆ ಸಾಧಾರಣ ಮನುಷ್ಯರಿಂದಲೇ ಒಳ್ಳೆಯ ಕೆಲಸ ತೆಗೆಯುವ ವ್ಯವಸ್ಥೆ ಯಾವುದು? ಇಲ್ಲಿ ತಮಿಳುನಾಡಿನ ಕಡೆ ನೋಡಬೇಕು. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯ, ಅದಕ್ಕೆಂದೇ ತರಬೇತಾದ ಅಧಿಕಾರಿಗಳ ವರ್ಗ, 1939ರಿಂದ ಜಾರಿಯಲ್ಲಿರುವ ಸ್ವಂತ ಕಾಯಿದೆ ಇವೆ. ಜಿಲ್ಲೆಯ ಆರೋಗ್ಯ ನೋಡುವವನು ಕೆಳಹಂತದಿಂದ ಅದೇ ಕೆಲಸ ಕಲಿತು ಬಂದಿರುತ್ತಾನೆ. ನಮ್ಮಲ್ಲಿ ಬಹುಕಾಲ ಶಸ್ತ್ರಚಿಕಿತ್ಸೆಯೋ ಕಿವಿ ಮೂಗೋ ನೋಡುತ್ತಿದ್ದ ತಜ್ಞ ಹಿರಿತನದ ಮೇಲೆ ಒಂದು ಬೆಳಿಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಯಾಗುವುದು ಮಾಮೂಲು. ಅವರ ಕೈಗೆ ಸಾಂಕ್ರಾಮಿಕ ರೋಗ, ಲೆಕ್ಕಪತ್ರ, ಸಿಬ್ಬಂದಿ ವ್ಯಾಜ್ಯ ಮೂರೂ ಒಟ್ಟಿಗೆ ಬರುತ್ತವೆ, ತರಬೇತಿ ಯಾವುದಕ್ಕೂ ಇರುವುದಿಲ್ಲ.

ತಾಯಂದಿರ ಸಾವಿನ ಲೆಕ್ಕ ಈ ವ್ಯತ್ಯಾಸದ ಒಂದು ಅಳತೆ. 2004–06ರಲ್ಲಿ ಪ್ರತಿ ಒಂದು ಲಕ್ಷ ಸಜೀವ ಜನನಕ್ಕೆ ಕೇರಳದಲ್ಲಿ 95, ತಮಿಳುನಾಡಿನಲ್ಲಿ 111, ಕರ್ನಾಟಕದಲ್ಲಿ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅವು ಕ್ರಮವಾಗಿ 19, 54 ಮತ್ತು 69. ಕರ್ನಾಟಕದ ಇಳಿಕೆ ಸಣ್ಣದಲ್ಲ; ಮನೆ ಮನೆ ತಿರುಗಿದ ಆಶಾ ಕಾರ್ಯಕರ್ತೆಯರ, 108 ಆಂಬುಲೆನ್ಸಿನ, ಆಸ್ಪತ್ರೆ ಹೆರಿಗೆಯ ಪಾಲು ಅದರಲ್ಲಿದೆ. ಕೇರಳದಲ್ಲಿ ಸ್ತ್ರೀರೋಗ ತಜ್ಞರ ಸಂಘ 2004ರಲ್ಲಿ ಆರಂಭಿಸಿದ ಗೋಪ್ಯ ಪರಾಮರ್ಶೆ ಮಾತ್ರ ವಿಶೇಷ ಗಮನಕ್ಕೆ ಅರ್ಹ. ಒಬ್ಬ ತಾಯಿ ಸತ್ತರೆ ಕಡತದಿಂದ ಆಸ್ಪತ್ರೆಯ, ಡಾಕ್ಟರ ಹೆಸರು ಅಳಿಸಿ, ಏನು ತಪ್ಪಿತು ಎಂದಷ್ಟೇ ಚರ್ಚಿಸುತ್ತಾರೆ. ಶಿಕ್ಷೆಯ ಭಯ ಇಲ್ಲದ್ದರಿಂದ ಡಾಕ್ಟರರು ನಿಜ ಬರೆಯುತ್ತಾರೆ. ಬ್ರಿಟನ್ ಇದನ್ನು 1950ರ ದಶಕದಿಂದ ಮಾಡುತ್ತಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸರಣಿ ಸಾವು ನಡೆದ ಮೇಲೆ ಕರ್ನಾಟಕವೂ ರಾಜ್ಯದ ತಾಯಂದಿರ ಸಾವುಗಳನ್ನೆಲ್ಲ ಪರಿಶೋಧನೆಗೆ ಒಳಪಡಿಸಿತು. ಆ ಪರಿಶೋಧನೆ ಪ್ರತಿ ತಿಂಗಳ ಅಭ್ಯಾಸವಾಗಬೇಕು, ಅಮಾನತಿನ ಪಟ್ಟಿ ಸಿದ್ಧಪಡಿಸುವ ಕೆಲಸವಾಗಬಾರದು.

ನಮ್ಮ ಜಿಲ್ಲೆಗಳ ಪ್ರಗತಿ ಪರಿಶೀಲನಾ ಸಭೆ ಹೇಗಿರುತ್ತದೆ ಎಂದು ಇಲಾಖೆಯ ಯಾರನ್ನು ಕೇಳಿದರೂ ಚಿತ್ರ ಒಂದೇ. ಪರದೆಯ ಮೇಲೆ ಕೇಂದ್ರವಾರು ಶೇಕಡಾವಾರು. ಕೆಂಪು ಬಣ್ಣ ಬಿದ್ದವರು ಎದ್ದು ನಿಲ್ಲಬೇಕು. ವೈದ್ಯಾಧಿಕಾರಿಯನ್ನು ನೂರು ಜನರೆದುರು ಕೇಳುವುದು ‘ಯಾಕೆ ಆಗಿಲ್ಲ?’ ಎಂದು, ‘ಏನು ಬೇಕು?’ ಎಂಬ ಪ್ರಶ್ನೆ ಅಪರೂಪ. ಅವರು ಊರಿಗೆ ಬಂದು ನರ್ಸಿಗೆ ಅದೇ ಕೇಳುತ್ತಾರೆ, ನರ್ಸು ಆಶಾಗೆ. ಮುಂದಿನ ತಿಂಗಳು ಬಣ್ಣ ಹಸಿರಾಗುತ್ತದೆ. ಮಗುವಿನ ತೂಕ ಹೆಚ್ಚಾಗಿ ಹಸಿರಾಯಿತೋ ಪೆನ್ನಿನಿಂದ ಆಯಿತೋ ಪರದೆ ಹೇಳುವುದಿಲ್ಲ. ಈ ಸರಪಳಿಯ ತುದಿಯಲ್ಲಿ ನಿಂತ ಆಶಾ ಕಾರ್ಯಕರ್ತೆಯರು ರಾಜ್ಯದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು. ಅವರನ್ನು ನೌಕರರೆಂದೇ ಕರೆಯುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದರು.

ಮಲೆನಾಡಿನವರಿಗೆ ಕೆಳಗಿನ ಮಾತಿನ ಬೆಲೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಮಂಗನ ಕಾಯಿಲೆ ಮೊದಲು ಗುರುತಾದದ್ದು ಮಂಗಗಳು ಸತ್ತು ಬೀಳುವುದನ್ನು ಜನ ಕಂಡದ್ದರಿಂದ. ಇಂದಿಗೂ ಆ ಕಾಯಿಲೆಯ ಮೊದಲ ಮುನ್ಸೂಚನೆ ಸೊಪ್ಪಿಗೆ ಹೋದವಳು ತರುವ ಸುದ್ದಿಯೇ. ಅವಳು ಯಾರಿಗೆ ಹೇಳುತ್ತಾಳೆ, ಕೇಳಿದವರು ಆ ಸಂಜೆಯೇ ಫೋನು ಎತ್ತುತ್ತಾರೋ ಇಲ್ಲವೋ ಎಂಬುದರ ಮೇಲೆ ಆ ಬೇಸಿಗೆಯ ಸಾವುಗಳು ನಿಂತಿವೆ.

ಕೇರಳದ ಕೋಯಿಕ್ಕೋಡ್ 2018ರ ಮೇ ತಿಂಗಳಲ್ಲಿ ಇಂಥದ್ದೇ ಪರೀಕ್ಷೆಗೆ ಒಳಗಾಯಿತು. ಮಿದುಳು ಜ್ವರದಿಂದ ಬಂದ ಯುವಕನೊಬ್ಬನ ತಮ್ಮನೂ ಹೀಗೆಯೇ ಸತ್ತಿದ್ದಾನೆ, ಮನೆಯ ಇತರರಿಗೂ ಜ್ವರವಿದೆ ಎಂಬುದನ್ನು ಖಾಸಗಿ ಆಸ್ಪತ್ರೆಯ ಡಾಕ್ಟರರು ಗಮನಿಸಿದರು. ಮಾದರಿ ನಮ್ಮ ಮಣಿಪಾಲದ ವೈರಾಣು ಪ್ರಯೋಗಾಲಯಕ್ಕೆ ಬಂತು. ಒಂದೆರಡು ದಿನದಲ್ಲೇ ನಿಪಾ ಎಂದು ಖಚಿತವಾಯಿತು. ಆಗಿನ ಆರೋಗ್ಯ ಸಚಿವೆ ಕೆ. ಕೆ. ಶೈಲಜಾ ಮತ್ತು ಅಧಿಕಾರಿಗಳು ಜಿಲ್ಲೆಯಲ್ಲೇ ಬೀಡುಬಿಟ್ಟರು. ಸೋಂಕು ಹರಡಿದ್ದು ಸರ್ಕಾರಿ ಆಸ್ಪತ್ರೆಗಳ ಒಳಗೇ ಎಂಬ ನೋವಿನ ಸತ್ಯವನ್ನು ಬಚ್ಚಿಡಲಿಲ್ಲ. ಸಂಪರ್ಕಕ್ಕೆ ಬಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿ ನಿಗಾ ಇಟ್ಟರು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ಮೊದಲ ರೋಗಿಯ ಆರೈಕೆ ಮಾಡಿ ಪ್ರಾಣ ಬಿಟ್ಟರು. ಸೋಂಕು ತಗುಲಿದವರಲ್ಲಿ ಬಹುಪಾಲು ಉಳಿಯಲಿಲ್ಲ, ಆದರೆ ರೋಗ ಕೋಯಿಕ್ಕೋಡ್ ಮತ್ತು ಅದರ ಪಕ್ಕದ ಜಿಲ್ಲೆಯನ್ನು ದಾಟಲಿಲ್ಲ. 2023ರಲ್ಲಿ ಅದೇ ಕಾಯಿಲೆ ಕೋಯಿಕ್ಕೋಡಿಗೆ ಮರಳಿದಾಗ ಆರು ಪ್ರಕರಣ, ಎರಡು ಸಾವಿಗೆ ನಿಂತಿತು. ಸಚಿವೆಗೆ ಜಗತ್ತಿನಾದ್ಯಂತ ಪ್ರಶಂಸೆ ಬಂತು, ಬರಬೇಕಾದ್ದೇ. ಅದರ ಹಿಂದೆ 1990ರ ದಶಕದಲ್ಲೇ ಆರೋಗ್ಯ ಕೇಂದ್ರಗಳನ್ನು ಪಂಚಾಯ್ತಿಗಳ ಕೈಗಿತ್ತ ತೀರ್ಮಾನವೂ, ಅನುಮಾನ ಬಂದರೆ ಹೇಳಬಹುದು ಎಂದು ನಂಬಿದ ಡಾಕ್ಟರರೂ ಇದ್ದರು.

ಇದೇ ಸಂಗತಿಯ ಅತಿ ದೊಡ್ಡ ಪ್ರಯೋಗ ನಡೆದದ್ದು ಸಿಡುಬಿನ ವಿರುದ್ಧ. ಭಾರತದಲ್ಲಿ ದಶಕಗಳಿಂದ ಲಸಿಕೆ ಹಾಕಿಸಿದವರ ಸಂಖ್ಯೆ ಏರುತ್ತಲೇ ಇತ್ತು, ಸಿಡುಬು ಹೋಗಿರಲಿಲ್ಲ. ಪ್ರಕರಣ ವರದಿ ಮಾಡಿದ ಕೆಳಗಿನ ನೌಕರನಿಗೆ ಛೀಮಾರಿ ಬೀಳುತ್ತಿದ್ದುದರಿಂದ ವರದಿಗಳೇ ಬರುತ್ತಿರಲಿಲ್ಲ. 1973ರ ಶರತ್ಕಾಲದಲ್ಲಿ ಮನೆ ಮನೆ ಹುಡುಕಾಟ ಶುರುವಾದಾಗ ಉತ್ತರ ಪ್ರದೇಶ, ಬಿಹಾರಗಳಲ್ಲಿ ಲೆಕ್ಕಕ್ಕೇ ಸಿಗದಿದ್ದ ಸಾವಿರಾರು ರೋಗಿಗಳು ಹೊರಬಂದರು. ಅಂಕಿ ಏರಿದ್ದು ಸೋಲಲ್ಲ, ಕಣ್ಣು ತೆರೆದದ್ದು ಎಂದು ಕಾರ್ಯಕ್ರಮದ ಮುಖ್ಯಸ್ಥರು ಹೇಳಬೇಕಿತ್ತು, ಹೇಳಿದರು. ಸಿಡುಬು ತೋರಿಸಿದವರಿಗೆ ಬಹುಮಾನ ಇಟ್ಟರು, ಅದು ಕೊನೆಕೊನೆಗೆ ಒಂದು ಸಾವಿರ ರೂಪಾಯಿಗೆ ಏರಿತು. ಎಲ್ಲರಿಗೂ ಲಸಿಕೆ ಹಾಕುವ ಬದಲು ರೋಗಿ ಇರುವ ಮನೆಯ ಸುತ್ತ ಬೇಲಿ ಕಟ್ಟಿದಂತೆ ಲಸಿಕೆ ಹಾಕುವ ವಿಧಾನ ಹಿಡಿದರು.

1974ರ ಮೊದಲ ಐದು ತಿಂಗಳಲ್ಲಿ ದೇಶದಲ್ಲಿ 15,000ಕ್ಕೂ ಹೆಚ್ಚು ಜನ ಸಿಡುಬಿಗೆ ಬಲಿಯಾದರು, ಬಹುಪಾಲು ಬಿಹಾರದಲ್ಲಿ. ಹೊಸ ವಿಧಾನ ಕೈಕೊಟ್ಟಿತೆಂದು ಬಿಹಾರದ ಆರೋಗ್ಯ ಸಚಿವರು ತೀರ್ಮಾನಿಸಿದರು. ಮತ್ತೆ ಎಲ್ಲರಿಗೂ ಲಸಿಕೆ ಎಂದು ಘೋಷಿಸಲು ಅವರು ಅಧಿಕಾರಿಗಳ ಸಭೆಗೆ ಬಂದ ಪ್ರಸಂಗವನ್ನು, ಕಾರ್ಯಕ್ರಮದಲ್ಲಿ ದುಡಿಯುತ್ತ ಅಲ್ಲಿದ್ದ ಡಾಕ್ಟರ್ ವಿಲಿಯಂ ಫೋಗಿ ನೆನಪಿಸಿಕೊಂಡಿದ್ದಾರೆ. ಹಿಂದಿನಿಂದ ಒಬ್ಬ ಯುವ ಭಾರತೀಯ ಡಾಕ್ಟರ್ ಎದ್ದು ನಿಂತ. ತಾನು ಹಳ್ಳಿಯಲ್ಲಿ ಬೆಳೆದವನು, ಊರಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಜನ ನೀರನ್ನು ಆ ಮನೆಯ ಮೇಲೆ ಸುರಿಯುತ್ತಿದ್ದರೇ ಹೊರತು ಎಲ್ಲ ಮನೆಗಳ ಮೇಲೆ ಹಂಚುತ್ತಿರಲಿಲ್ಲ ಎಂದ. ಸಭೆ ಸ್ತಬ್ಧವಾಯಿತು. ಸಚಿವರು ಅವನನ್ನು ಕೂರಿಸಲಿಲ್ಲ, ವರ್ಗ ಮಾಡಲಿಲ್ಲ. ಇನ್ನೊಂದು ತಿಂಗಳು ಕೊಡುತ್ತೇನೆ ಎಂದರು. ಆ ತಿಂಗಳು ಮುಗಿಯುವ ಹೊತ್ತಿಗೆ ಅಂಕಿ ಇಳಿಯತೊಡಗಿತ್ತು. ಮುಂದಿನ ವರ್ಷ ಮೇ ತಿಂಗಳಲ್ಲಿ ಭಾರತ ತನ್ನ ನೆಲದ ಕೊನೆಯ ಸಿಡುಬು ರೋಗಿಯನ್ನು ಕಂಡಿತು.